ರಿಮೇನ್ ಇನ್ ಲೈಟ್

ರಿಮೇನ್ ಇನ್ ಲೈಟ್ ಎಂಬುದು ಅಮೇರಿಕದ ಟಾಕಿಂಗ್ ಹೆಡ್ಸ್ ವಾದ್ಯತಂಡದ ನಾಲ್ಕನೆಯ ಸ್ಟುಡಿಯೋ ಆಲ್ಬಂ. ಸೈರ್ ರೆಕಾರ್ಡ್ಸ್ ಸಂಸ್ಥೆಯು ಇದನ್ನು 1980ರ ಅಕ್ಟೋಬರ್ 8ರಂದು ಬಿಡುಗಡೆ ಮಾಡಿತು. ಪಂಕ್ ಚಳವಳಿಯ ಬೆನ್ನಲ್ಲೇ ರೂಪುಗೊಂಡ ಪೋಸ್ಟ್-ಪಂಕ್ ರಾಕ್‌ಗೆ ಪಶ್ಚಿಮ ಆಫ್ರಿಕಾದ ಲಯವಿನ್ಯಾಸವನ್ನೂ ಫಂಕ್ ಶೈಲಿಯನ್ನೂ ಬೆಸೆದ ಕೃತಿಯೆಂದು ಇದು ಪ್ರಸಿದ್ಧವಾಗಿದೆ.

ಹಿನ್ನೆಲೆ

ಡೇವಿಡ್ ಬರ್ನ್, ಟೀನಾ ವೇಮೌತ್, ಕ್ರಿಸ್ ಫ್ರಾಂಟ್ಜ್ ಹಾಗೂ ಜೆರ್ರಿ ಹ್ಯಾರಿಸನ್ ತಂಡದ ಸದಸ್ಯರು. ನಿರ್ಮಾಪಕ ಬ್ರಿಯಾನ್ ಈನೊ ನೈಜೀರಿಯಾದ ಫೆಲಾ ಕುಟಿಯವರ ಆಫ್ರೋಬೀಟ್ ಸಂಗೀತಕ್ಕೆ ಮಾರುಹೋಗಿದ್ದರು. 1979ರ ಫಿಯರ್ ಆಫ್ ಮ್ಯೂಸಿಕ್ ಆಲ್ಬಂನ ಮೊದಲ ಹಾಡು ‘ಐ ಜಿಂಬ್ರಾ’ದಲ್ಲಿಯೇ ಈ ಪ್ರಭಾವ ಕಾಣಿಸಿಕೊಂಡಿತ್ತು.

ಸಂಗೀತ ಮತ್ತು ಧ್ವನಿಮುದ್ರಣ

ಧ್ವನಿಮುದ್ರಣವು 1980ರಲ್ಲಿ ಬಹಾಮಾಸ್‌ನ ನಸ್ಸೌ ನಗರದ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಆರಂಭಗೊಂಡಿತು. ತಂಡವು ಮೊದಲೇ ರಚಿಸಿದ ಹಾಡುಗಳನ್ನು ನುಡಿಸದೆ, ಒಟ್ಟಾಗಿ ಕಲೆತು ನುಡಿಸುತ್ತಾ ಸೊಗಸೆನಿಸಿದ ತುಣುಕುಗಳನ್ನು ಆಯ್ದು ಮತ್ತೆಮತ್ತೆ ಆವರ್ತಿಸಿತು. ಹಲವು ಹಾಡುಗಳಲ್ಲಿ ಕಾರ್ಡ್‌ಗಳು ಬದಲಾಗುವುದೇ ವಿರಳ. ಗಿಟಾರ್, ಬಾಸ್, ತಾಳವಾದ್ಯ ಮತ್ತು ಕೀಬೋರ್ಡ್‌ಗಳ ಭಿನ್ನ ಲಯಗಳು ಒಂದರೊಳಗೊಂದು ಹೆಣೆದುಕೊಳ್ಳುವುದರಿಂದಲೇ ಹಾಡು ಬೆಳೆಯುತ್ತದೆ. ಸಾಹಿತ್ಯವನ್ನೂ ಗಾಯನವನ್ನೂ ಅನಂತರ ಸೇರಿಸಲಾಯಿತು. ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡಿನಲ್ಲಿ ಬರ್ನ್ ಅವರು ರೇಡಿಯೋ ಧರ್ಮಪ್ರವಚನಕಾರರ ಮಾತಿನ ಧಾಟಿಯನ್ನು ಬಳಸಿದರು. ಏಡ್ರಿಯನ್ ಬ್ಲೂ ಗಿಟಾರ್, ಜಾನ್ ಹ್ಯಾಸೆಲ್ ಟ್ರಂಪೆಟ್ ನುಡಿಸಿದರು. ನೋನಾ ಹೆಂಡ್ರಿಕ್ಸ್ ಹಾಡಿದರು.

ಕರ್ತೃತ್ವದ ವಿವಾದ

ಸಾಮೂಹಿಕ ಸೃಷ್ಟಿಯೇ ಈ ಆಲ್ಬಂನ ತಿರುಳಾಗಿದ್ದರೂ ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬುದು ತಂಡದಲ್ಲಿ ಒಡಕು ಮೂಡಿಸಿತು. ಮೊದಲ ಮುದ್ರಣದಲ್ಲಿ ಬರ್ನ್ ಮತ್ತು ಈನೊ ಅವರ ಹೆಸರುಗಳನ್ನು ಪ್ರತ್ಯೇಕವಾಗಿ ನಮೂದಿಸಿ, ಉಳಿದವರನ್ನು ತಂಡದ ಹೆಸರಿನಲ್ಲಿ ಮಾತ್ರ ಸೂಚಿಸಲಾಗಿತ್ತು. ಇದರಿಂದ ಇತರ ಸದಸ್ಯರು ಅಸಮಾಧಾನಗೊಂಡರು. ಈನೊ ತಂಡಕ್ಕಾಗಿ ನಿರ್ಮಿಸಿದ ಕೊನೆಯ ಆಲ್ಬಂ ಇದೇ ಆಯಿತು.

ಪ್ರಭಾವ

ಬಹುಪದರದ ಈ ಸಂಗೀತವನ್ನು ವೇದಿಕೆಯಲ್ಲಿ ನಾಲ್ವರೇ ನುಡಿಸುವುದು ಅಸಾಧ್ಯವಾದುದರಿಂದ ತಂಡವನ್ನು ವಿಸ್ತರಿಸಲಾಯಿತು. ಈ ವಿಸ್ತೃತ ತಂಡದ ಪರಂಪರೆಯನ್ನು ಜೊನಾಥನ್ ಡೆಮ್ಮಿ ನಿರ್ದೇಶನದ 1984ರ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಚಲನಚಿತ್ರದಲ್ಲಿ ಕಾಣಬಹುದು. ಬ್ರಿಟನ್ನಿನ ರೇಡಿಯೋಹೆಡ್ ತಂಡವೂ ಈ ಆಲ್ಬಂನಿಂದ ಪ್ರೇರಣೆ ಪಡೆಯಿತು. 2017ರಲ್ಲಿ ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಣಾರ್ಹ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಆಫ್ರಿಕಾದ ಲಯವನ್ನು ಪಾಶ್ಚಾತ್ಯ ಸಂಗೀತಗಾರರು ಎರವಲು ಪಡೆಯುವುದರ ಔಚಿತ್ಯವು ಇಂದಿಗೂ ಚರ್ಚೆಯ ವಿಷಯ. ಬೆನಿನ್ ಮೂಲದ ಗಾಯಕಿ ಆಂಜೆಲಿಕ್ ಕಿಜೊ 2018ರಲ್ಲಿ ಇಡೀ ಆಲ್ಬಂ ಅನ್ನು ತಮ್ಮದೇ ರೀತಿಯಲ್ಲಿ ಮರುಸೃಷ್ಟಿಸಿದರು. ಅದರಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಫೆಲಾ ಕುಟಿಯವರ ದೀರ್ಘಕಾಲದ ಸಹವಾದಕ ಟೋನಿ ಆಲೆನ್ ಕೂಡ ಇದ್ದರು.