ವಿಳಾಸವಿಲ್ಲದವರಿಗೊಂದು ಸೂರು

ಶಾಲೆಗೆ ಸೇರುವಾಗ ತುಂಬುವ ಅರ್ಜಿಯಲ್ಲಿ ‘ವಿಳಾಸ’ ಎಂದು ಒಂದು ಸಾಲು ಇರುತ್ತದೆ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಂಥ ಊರಿನಲ್ಲಿ ಅದನ್ನು ಬರೆಯಲು ಯಾರೂ ಯೋಚಿಸಬೇಕಿಲ್ಲ. ಅಪ್ಪನ ಹೆಸರು, ಓಣಿಯ ಹೆಸರು ಇದ್ದರೆ ಸಾಕು, ಅಂಚೆಯಣ್ಣ ಮನೆ ಹುಡುಕಿಕೊಂಡು ಬರುತ್ತಾನೆ.

ನಗರದಲ್ಲಿ ಹಾಗಲ್ಲ. ಮಳೆ ಕೈಕೊಟ್ಟ ವರ್ಷ ಕೂಲಿ ಹುಡುಕಿಕೊಂಡು ‘ಗುಳೆ’ ಹೋಗುವುದು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹೊಸದೇನಲ್ಲ. ಹೀಗೆ ಹೋದವರಲ್ಲಿ ಎಷ್ಟೋ ಮಂದಿಗೆ ಬಾಡಿಗೆ ಕೋಣೆಯೂ ಸಿಗುವುದಿಲ್ಲ. ಮನೆಯವರು ಕೈಬಿಟ್ಟ ಅಜ್ಜ–ಅಜ್ಜಿಯರು, ಕಾಯಿಲೆಯವರು, ಮನೆ ಬಿಟ್ಟು ಬಂದ ಮಕ್ಕಳೂ ಬೀದಿಯಲ್ಲೇ ಉಳಿಯುತ್ತಾರೆ.

2011ರ ಜನಗಣತಿಯಲ್ಲಿ ಇಂಥವರನ್ನು ಎಣಿಸಲೆಂದೇ ಒಂದು ರಾತ್ರಿಯನ್ನು ಮೀಸಲಿಟ್ಟಿದ್ದರು. ಅದು ಫೆಬ್ರುವರಿ 28ರ ರಾತ್ರಿ. ಪಾದಚಾರಿ ಮಾರ್ಗ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪ, ಮೋರಿಗೆಂದು ತಂದಿಟ್ಟ ಸಿಮೆಂಟ್ ಪೈಪು, ಹೀಗೆ ಎಲ್ಲೆಲ್ಲಿ ಜನ ಮಲಗಿದ್ದರೋ ಅಲ್ಲಿಗೇ ಗಣತಿದಾರರು ಹೋದರು. ದೇಶದಲ್ಲಿ ಸಿಕ್ಕ ಲೆಕ್ಕ ಸುಮಾರು 17.7 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರಗಳಲ್ಲಿದ್ದರು.

ಇವರಿಗಾಗಿ ಇರುವುದೇ ವಸತಿರಹಿತರ ಆಶ್ರಯ ಕೇಂದ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದಕ್ಕೆ ನಿಯಮಗಳನ್ನು ರೂಪಿಸಿತು. ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಜಾಗ ಇರಬೇಕು. ತಲಾ 50 ಚದರ ಅಡಿ, ಅಂದರೆ ಹತ್ತಡಿ ಉದ್ದ, ಐದಡಿ ಅಗಲ. ಒಂದು ಮಂಚ, ಒಂದು ಟ್ರಂಕು ಇಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಜೊತೆಗೆ ನೀರು, ಶೌಚಾಲಯ, ದೀಪ, ಅಡುಗೆಗೆ ಅನುಕೂಲ ಬೇಕು. 2011ರಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಈ ಲೆಕ್ಕದಲ್ಲಿ ಅಲ್ಲಿ 400 ಮಂದಿಗಾದರೂ ಜಾಗ ಬೇಕು.

ಕೇಂದ್ರ ದಿನದ 24 ಗಂಟೆಯೂ ತೆರೆದಿರಬೇಕು ಎಂಬುದು ಇನ್ನೊಂದು ನಿಯಮ. ರಾತ್ರಿಯೆಲ್ಲ ಮೂಟೆ ಹೊತ್ತ ಹಮಾಲಿ ಹಗಲಲ್ಲವೇ ಮಲಗುವುದು? ಬಳ್ಳಾರಿಯ ಬೇಸಿಗೆಯಲ್ಲಂತೂ ನೆರಳು ಬೇಕಾಗುವುದು ನಡುಮಧ್ಯಾಹ್ನ.

ಕಟ್ಟಡ ಕಟ್ಟಿದ ಮಾತ್ರಕ್ಕೆ ಜನ ಬರುವುದಿಲ್ಲ. ಗಂಡಸರಿಗೊಂದು, ಹೆಂಗಸರಿಗೊಂದು ಕೇಂದ್ರವಾದರೆ ಮಕ್ಕಳಿರುವ ಸಂಸಾರ ಎಲ್ಲಿಗೆ ಹೋಗಬೇಕು? ಕೆಲಸದ ಜಾಗಕ್ಕೆ ದೂರವಾದರೆ ಬಸ್ಸಿನ ದುಡ್ಡು ಯಾರು ಕೊಡಬೇಕು? ಭಯವೂ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಆಶ್ರಯ ಕೇಂದ್ರ ಹಾಗಲ್ಲ, ಅಲ್ಲಿ ಇರುವುದೂ ಹೊರಡುವುದೂ ಅವರವರ ಇಷ್ಟ. ಈ ವ್ಯತ್ಯಾಸವನ್ನು ಬೀದಿಯಲ್ಲಿ ಮಲಗಿದವರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಒಳ್ಳೆಯ ಕೇಂದ್ರ ಚಾಪೆಯ ಜೊತೆಗೆ ವಿಳಾಸವನ್ನೂ ಕೊಡುತ್ತದೆ. ರೇಷನ್ ಕಾರ್ಡು, ಆಧಾರ್, ಪಿಂಚಣಿ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಇವೆಲ್ಲ ಸಿಗುವಂತೆ ಮಾಡುವುದೂ ಕೇಂದ್ರದ ಕೆಲಸವೆಂದು ನಿಯಮವೇ ಹೇಳುತ್ತದೆ. ಇನ್ನು ಜನನ ಪತ್ರ ಇಲ್ಲವೆಂದು ಯಾವ ಮಗುವಿಗೂ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ.

ಮಕ್ಕಳೇ, ಬಸ್ ನಿಲ್ದಾಣದಲ್ಲಿ ನಿಮ್ಮ ವಯಸ್ಸಿನ ಮಗು ಒಂಟಿಯಾಗಿ ಮಲಗಿದ್ದು ಕಂಡರೆ ಮನೆಯ ದೊಡ್ಡವರಿಗೆ ಹೇಳಿ 1098ಕ್ಕೆ ಫೋನ್ ಮಾಡಿಸಿ. ದಿಕ್ಕಿಲ್ಲದ ಅಜ್ಜ–ಅಜ್ಜಿ ಕಂಡರೆ 14567. ಎರಡೂ ಉಚಿತ ಸಹಾಯವಾಣಿಗಳು. ನಿಮ್ಮದೊಂದು ಕರೆಯಿಂದ ಆ ಮಗುವಿನ ಅರ್ಜಿಯಲ್ಲೂ ‘ವಿಳಾಸ’ದ ಸಾಲು ತುಂಬಬಹುದು.