ಕೆರ್ಸ್ ಕಳಚಿ ಇಡಬೇಕಿತ್ತಾ?

2009ರ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಅದುವರೆಗೆ ಒಂದೇ ಒಂದು ಪಾಯಿಂಟ್ ಕಾಣದ ತಂಡವಾಗಿತ್ತು. ಅವತ್ತು ಅದರ ಚಾಲಕ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿದ್ದರು. ಸೇಫ್ಟಿ ಕಾರ್ ಪಕ್ಕಕ್ಕೆ ಸರಿದು ರೇಸ್ ಮತ್ತೆ ಶುರುವಾಯ್ತು. ಏರು ಹತ್ತಿ ನೇರ ದಾರಿ ಸಿಕ್ಕಿದ್ದೇ ತಡ, ಹಿಂದಿದ್ದ ಫೆರಾರಿಯ ರೈಕೊನೆನ್ ಒಂದು ಬಟನ್ ಒತ್ತಿ ಮುಂದೆ ಹೋಗಿಬಿಟ್ಟರು. ರೇಸ್ ಮುಗಿದಾಗ ಇಬ್ಬರ ನಡುವಿನ ಅಂತರ ಒಂದು ಸೆಕೆಂಡಿಗೂ ಕಡಿಮೆ. ಫಿಸಿಕೆಲ್ಲಾ ಕಾರಿನಲ್ಲಿ ಆ ಬಟನ್ನೇ ಇರಲಿಲ್ಲ!

ಅದು ಕೆರ್ಸ್. ಚಲನಶಕ್ತಿಯನ್ನು ವಾಪಸು ಪಡೆಯುವ ವ್ಯವಸ್ಥೆ. ಬಂದಿದ್ದು 2009ರಲ್ಲಿ. 2010ಕ್ಕೆ ಇದು ಬೇಡವೇ ಬೇಡ ಅಂತ ತಂಡಗಳು ಮಾತಾಡಿಕೊಂಡವು. ನಿಯಮದಲ್ಲಿ ನಿಷೇಧ ಇರಲಿಲ್ಲ, ಅವರಾಗಿಯೇ ಬಿಟ್ಟರು.

ಬ್ರೇಕ್ ಹಾಕಿದಾಗ ಕಾರಿನ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಕೆರ್ಸ್ ಇದ್ದರೆ, ಎಂಜಿನ್‌ಗೆ ಜೋಡಿಸಿದ ಮೋಟಾರು ಆ ಹೊತ್ತಿನಲ್ಲಿ ಜನರೇಟರ್ ಆಗಿ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತೆ. ಬಟನ್ ಒತ್ತಿದರೆ ಅದೇ ಮೋಟಾರು ಹೆಚ್ಚುವರಿಯಾಗಿ ಸುಮಾರು 80 ಅಶ್ವಶಕ್ತಿ ಕೊಡುತ್ತಿತ್ತು. ಆದರೆ 2009ರಲ್ಲಿ ಒಂದು ಸುತ್ತಿಗೆ ಬಳಸಬಹುದಾಗಿದ್ದದ್ದು 4 ಲಕ್ಷ ಜೂಲ್, ಅಂದರೆ ಆರೂವರೆ ಸೆಕೆಂಡಿನಷ್ಟು ಮಾತ್ರ.

ಇಂಜಿನಿಯರಿಂಗ್ ಓದಿದ ಚಟ, ಕೂತು ಲೆಕ್ಕ ಹಾಕಿದೆ. 650 ಕೆ.ಜಿ. ಕಾರು ಗಂಟೆಗೆ 300 ಕಿ.ಮೀ. ವೇಗದಿಂದ 100ಕ್ಕೆ ಇಳಿದರೆ ಕಳೆದುಕೊಳ್ಳೋದು ಸುಮಾರು 20 ಲಕ್ಷ ಜೂಲ್. ಅದರಲ್ಲಿ ಗಾಳಿಯ ತಡೆಗೆ ಒಂದಷ್ಟು ಹೋಗಲಿ ಬಿಡಿ. ಹಾಗಿದ್ದರೂ ಒಂದೇ ಒಂದು ತಿರುವಿನಲ್ಲಿ ಪೋಲಾಗುವ ಶಕ್ತಿಯ ಐದನೇ ಒಂದು ಭಾಗ ಇಡೀ ಸುತ್ತಿಗೆ ಸಾಕು ಅಂತಿತ್ತು ನಿಯಮ. ಇದು ಜಿಪುಣತನ ಅಲ್ವಾ?

ಇಷ್ಟು ಪುಡಿಗಾಸಿಗೆ ಹೊರಬೇಕಾಗಿದ್ದದ್ದು ಸುಮಾರು 30 ಕೆ.ಜಿ. ಭಾರ. 2009ರಲ್ಲಿ ಚಾಲಕನೂ ಸೇರಿ ಕಾರು 605 ಕೆ.ಜಿ.ಗಿಂತ ಕಮ್ಮಿ ಇರಬಾರದಿತ್ತು. ಅದಕ್ಕೇ ಕಾರನ್ನು ಹಗುರವಾಗಿ ಕಟ್ಟಿ, ಉಳಿದ ತೂಕವನ್ನು ತಳದಲ್ಲಿ ಬೇಕಾದ ಕಡೆ ಇಟ್ಟು ಸಮತೋಲನ ಸಾಧಿಸ್ತಿದ್ದರು. ಕೆರ್ಸ್ ಬಂದರೆ ಆ ಸ್ವಾತಂತ್ರ್ಯ ಹೋಯ್ತು. ಎತ್ತರದ, ದಪ್ಪ ಚಾಲಕರಿಗಂತೂ ದೊಡ್ಡ ತಲೆನೋವಾಗಿತ್ತು. ಬಿಎಂಡಬ್ಲ್ಯು ಸೀಸನ್ ನಡುವೆಯೇ ಇದನ್ನು ಕೈಬಿಟ್ಟಿತು. ಕೆರ್ಸ್ ಕಾರುಗಳು 17 ರೇಸ್‌ಗಳಲ್ಲಿ ಗೆದ್ದದ್ದು ಮೂರು. ಚಾಂಪಿಯನ್ ಆದ ಬ್ರಾನ್ ತಂಡ ಇದನ್ನು ಮುಟ್ಟಲೇ ಇಲ್ಲ.

ಖರ್ಚಿನ ವಾದವನ್ನು ನಾನು ತಳ್ಳಿಹಾಕಲ್ಲ. ಒಂದು ವರ್ಷದೊಳಗೆ ಹೋಂಡಾ, ಬಿಎಂಡಬ್ಲ್ಯು, ಟೊಯೊಟಾ ಮೂರೂ ಹೊರನಡೆಯೋ ತೀರ್ಮಾನ ಮಾಡಿದ್ದವು. ಅಂಥ ಹೊತ್ತಲ್ಲಿ ಸಣ್ಣ ತಂಡಗಳ ತಲೆಗೆ ಕೋಟಿಗಟ್ಟಲೆ ಕಟ್ಟೋದು ತಪ್ಪಾಗುತ್ತಿತ್ತು. ಆದರೆ ಟೊಯೊಟಾದ ಪ್ರಿಯಸ್ 1997ರಿಂದಲೇ ಮಾರುಕಟ್ಟೆಯಲ್ಲಿದೆ, ಬ್ರೇಕಿನ ಶಕ್ತಿಯನ್ನು ವಾಪಸು ಪಡೀತಿದೆ. ಸಂಸಾರಸ್ಥರು ತರಕಾರಿ ತರೋಕೆ ಓಡಿಸೋ ಕಾರಿನಲ್ಲಿರುವ ವಿದ್ಯೆಯನ್ನು ಜಗತ್ತಿನ ಅತಿ ವೇಗದ ಕಾರುಗಳು ಕಳಚಿ ಇಡಬೇಕಿತ್ತಾ? ನನಗಂತೂ ಒಪ್ಪಿಗೆ ಇಲ್ಲ. 4 ಲಕ್ಷದ ಮಿತಿಯನ್ನು ಏರಿಸಬೇಕಿತ್ತು. ಭಾರಕ್ಕೆ ತಕ್ಕ ಲಾಭ ಸಿಗಬೇಕಿತ್ತು. ಕನಿಷ್ಠ ತೂಕವನ್ನೂ ಏರಿಸಬೇಕಿತ್ತು, ಆಗ ದಪ್ಪ ಚಾಲಕ ಊಟ ಬಿಡಬೇಕಾಗಿರಲಿಲ್ಲ. ಕೆರ್ಸ್ ಮಾಡಿದವರು ಸಣ್ಣ ತಂಡಗಳಿಗೆ ನಿಗದಿತ ಬೆಲೆಗೆ ಕೊಡಬೇಕಿತ್ತು. ಆ ಬೆಲೆ ಎಷ್ಟು ಅನ್ನೋದನ್ನು ಫೆರಾರಿಯವರೂ ಮಲ್ಯ ಅವರೂ ಎದುರುಬದುರು ಕೂತು ತೀರ್ಮಾನಿಸಬೇಕಿತ್ತು.