ಅಲುಗದ ಸ್ಕೇಲು

ತುಂಡು ಬಟ್ಟೆ ಜೋಡಿಸಿ ಕ್ವಿಲ್ಟ್ ಹೊಲಿಯುವವರ ಮೇಜಿನ ಮೇಲೆ ಬಾಚಣಿಗೆಯಂತೆ ಮೈತುಂಬ ಸೀಳಿರುವ ಸ್ಕೇಲೊಂದು ಕಾಣಿಸುತ್ತದೆ. ಇದರ ಕೆಲಸವೇನು, ಯಾರಿಗೆ ಬೇಕು, ಯಾರಿಗೆ ಬೇಡ?

ಬಟ್ಟೆ ಅಂಗಡಿಗೆ ಹೋಗಿ ಎರಡು ಮೀಟರ್ ಕಾಟನ್ ಕೇಳಿ ನೋಡಿ. ಅಳೆದಾದ ಮೇಲೆ ಅಂಗಡಿಯವರು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಾರೆ. ಒರಟು ಕೆಲಸದಂತೆ ಕಂಡರೂ ಅಷ್ಟು ನೇರವಾದ ಗೆರೆ ಇನ್ನೊಂದಿಲ್ಲ. ಹರಿಯುವ ಬಟ್ಟೆ ಹೊಕ್ಕಿನ ಎಳೆಯನ್ನೇ ಹಿಡಿದು ಹೋಗುತ್ತದೆ. ಕತ್ತರಿ ಹಾಗಲ್ಲ, ಅದು ಕೈ ಹೋದತ್ತ ಹೋಗುತ್ತದೆ. ಕೈಯೋ, ಮನಸ್ಸು ಹೋದತ್ತ.

ಹಾಗಾದರೆ ಕ್ವಿಲ್ಟಿಗೆ ಬೇಕಾದ ಪಟ್ಟಿಗಳನ್ನೂ ಹರಿದೇ ತೆಗೆಯಬಾರದೇಕೆ? ಎರಡೂವರೆ ಇಂಚಿನ ಪಟ್ಟಿ ಹರಿಯಲು ಹೋದರೆ ಎರಡೂ ಅಂಚು ಹಿಗ್ಗಿ ಸುರುಟಿಕೊಳ್ಳುತ್ತವೆ, ಎಳೆಗಳು ಬಿಚ್ಚಿ ನೂಲು ಜೋತಾಡುತ್ತದೆ. ಇಸ್ತ್ರಿ ಹಾಕಿ ಕೂರಿಸುವಷ್ಟರಲ್ಲಿ ಅಳತೆ ಹೋಗಿರುತ್ತದೆ. ಹರಿದಷ್ಟು ನೇರವಾಗಿ, ಆದರೆ ಹರಿಯದೆ, ಒಂದರ ಹಿಂದೊಂದು ಪಟ್ಟಿ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಈ ಸೀಳು ಸ್ಕೇಲೂ ಒಂದು.

ಕೌದಿಗೆ ಬೇಡದ ಅಳತೆ

ನಮ್ಮ ಕಡೆ ತುಂಡು ಬಟ್ಟೆ ಸೇರಿಸಿ ಹೊಲಿಯುವುದು ಹೊಸದೇನಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದರೆ ಅಲ್ಲಿ ಸ್ಕೇಲಿಗೆ ಕೆಲಸವೇ ಇಲ್ಲ. ಅಡಿಗೆ ಒಂದು ಹಳೆಯ ಸೀರೆ, ಅದರ ಮೇಲೆ ಒಂದು ಮೂಲೆಯಿಂದ ಶುರುಮಾಡಿ, ಅಂಚು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಕೂರುತ್ತದೆ. ತುಂಡು ಅರ್ಧ ಇಂಚು ಹೆಚ್ಚಾದರೆ ಒಳಗೆ ಮಡಚಿದರಾಯಿತು, ಕಡಿಮೆಯಾದರೆ ಪಕ್ಕಕ್ಕೆ ಇನ್ನೊಂದು ಚೂರು. ಉದ್ದಕ್ಕೂ ಓಡುವ ಹೊಲಿಗೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಅಮೆರಿಕದಲ್ಲಿ ಬೆಳೆದ ಕ್ವಿಲ್ಟಿನ ಮೇಲ್ಪದರದ ರೀತಿ ಬೇರೆ. ಅಲ್ಲಿ ತುಂಡುಗಳು ಒಂದರ ಮೇಲೊಂದು ಕೂರುವುದಿಲ್ಲ, ಅಂಚಿಗೆ ಅಂಚು ಜೋಡಿಸಿ ಹೊಲಿಗೆ ಬೀಳುತ್ತದೆ. ಎಲ್ಲ ಕಡೆ ಕಾಲು ಇಂಚು ಒಳಗೆ ಹೋಗುತ್ತದೆ. ಮೂಲೆಗೆ ಮೂಲೆ ಕೂಡಬೇಕು. ಒಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಪಾಲು, ಅಂದರೆ ಒಂದೂವರೆ ಮಿಲಿಮೀಟರಿನಷ್ಟು ತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ. ಅದೇ ತಪ್ಪು ಇಪ್ಪತ್ತು ಪಟ್ಟಿಗೆ ಸೇರಿದರೆ ಒಂದೂಕಾಲು ಇಂಚು. ಹಾಸಿದ ಮೇಲೆ ಒಂದು ಬದಿ ಅಲೆ ಅಲೆಯಾಗಿ ಕಾಣುತ್ತದೆ.

ಕತ್ತರಿಯಿಂದ ಚಕ್ರಕ್ಕೆ

ಹಿಂದೆ ಅಲ್ಲಿಯೂ ರಟ್ಟಿನ ಅಚ್ಚು ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಒಂದೊಂದೇ ಚೌಕವನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಹೊಲಿಗೆ ಯಂತ್ರ ಕೈಗೆ ಬಂದ ಮೇಲೆ ಫ್ಲಾರಿಡಾದ ಸೆಮಿನೋಲ್ ಮೂಲನಿವಾಸಿ ಹೆಂಗಸರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇರೆಯೇ ದಾರಿ ಹಿಡಿದರು. ಮೊದಲು ಉದ್ದುದ್ದ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು, ಆಮೇಲೆ ಹೊಲಿದದ್ದನ್ನು ಅಡ್ಡ ಕತ್ತರಿಸುವುದು, ಆ ತುಂಡುಗಳನ್ನು ಸರಿಸಿ ಮತ್ತೆ ಹೊಲಿಯುವುದು. ಇಂದಿನ ಪಟ್ಟಿ ಪದ್ಧತಿಯಲ್ಲಿ ಇರುವುದು ಇದೇ ಜಾಣತನ.

ಇದಕ್ಕೆ ತಕ್ಕ ಆಯುಧ ಬಂದದ್ದು ಜಪಾನಿನಿಂದ. ಮೊನೆ ಮೊಂಡಾದಾಗ ಮುರಿದು ಹೊಸ ಮೊನೆ ತೆಗೆಯುವ ಬ್ಲೇಡನ್ನು 1956ರಲ್ಲಿ ರೂಪಿಸಿದ್ದು ಒಸಾಕಾದ ಯೋಶಿಯೋ ಒಕಾಡಾ. ಅದರಿಂದ ಬೆಳೆದ ಓಲ್ಫಾ ಕಂಪನಿಯೇ 1979ರಲ್ಲಿ ರೋಟರಿ ಕಟರ್ ಹೊರತಂದಿತು. ಪಿಜ್ಜಾ ಕತ್ತರಿಸುವ ಚಕ್ರವನ್ನು ಕಂಡವರಿಗೆ ಇದರ ರೂಪ ಗೊತ್ತು. ಆದರೆ ಇದರ ಅಂಚು ಬ್ಲೇಡಿನದೇ, ನಾಲ್ಕು ಪದರದ ಹತ್ತಿಬಟ್ಟೆಯನ್ನು ಬೆಣ್ಣೆಯ ಹಾಗೆ ಸೀಳುತ್ತದೆ. ಕೆಳಗೆ ಗೀರು ಬಿದ್ದರೂ ಕೂಡಿಕೊಳ್ಳುವ ಮ್ಯಾಟ್, ಮೇಲೆ ದಪ್ಪ ಅಕ್ರಿಲಿಕ್ ಸ್ಕೇಲು. ಈ ಮೂರೂ ಸೇರಿ ಕ್ವಿಲ್ಟಿನ ವೇಗವನ್ನೇ ಬದಲಾಯಿಸಿದವು. ಎರಡೂವರೆ ಇಂಚಿನ ಸುಮಾರು ನಲವತ್ತು ಪಟ್ಟಿಗಳನ್ನು ಸುರುಳಿ ಸುತ್ತಿ ‘ಜೆಲ್ಲಿ ರೋಲ್’ ಎಂದು ಮಾರುವ ಪದ್ಧತಿಯನ್ನು ಮೋಡಾ ಎಂಬ ಅಮೆರಿಕದ ಬಟ್ಟೆ ಕಂಪನಿ ತಂದ ಮೇಲೆ ಎರಡೂವರೆ ಇಂಚು ಕ್ವಿಲ್ಟ್ ಲೋಕದ ಮನೆಮಾತಿನ ಅಳತೆಯಾಯಿತು.

ಒಂಬತ್ತು ಚೌಕದ ಲೆಕ್ಕ

ಪಟ್ಟಿಯಿಂದ ಏನು ಲಾಭ ಎಂಬುದಕ್ಕೆ ಎಲ್ಲರೂ ಮೊದಲು ಕಲಿಯುವ ‘ನೈನ್ ಪ್ಯಾಚ್’ ನೋಡಿ. ಗಾಢ ಬಣ್ಣ, ತಿಳಿ ಬಣ್ಣ, ಮತ್ತೆ ಗಾಢ, ಹೀಗೆ ಚದುರಂಗದ ಹಾಸಿನಂತೆ ಒಂಬತ್ತು ಚೌಕ. ಇಂಥ ಹದಿನಾರು ಬ್ಲಾಕ್ ಬೇಕೆಂದರೆ ಬಿಡಿಬಿಡಿಯಾಗಿ 144 ಚೌಕ ಕತ್ತರಿಸಬೇಕು. ಪಟ್ಟಿಯಲ್ಲಾದರೆ ಗಾಢ ಬಣ್ಣದ್ದು ಐದು, ತಿಳಿ ಬಣ್ಣದ್ದು ನಾಲ್ಕು, ಒಟ್ಟು ಒಂಬತ್ತು ಸಾಕು. ಮೂರು ಮೂರು ಪಟ್ಟಿ ಜೋಡಿಸಿ ಹೊಲಿದರೆ ಆರೂವರೆ ಇಂಚು ಅಗಲದ ಮೂರು ಜೋಡಣೆ ಆಗುತ್ತದೆ: ಗಾಢ-ತಿಳಿ-ಗಾಢ ಎರಡು, ತಿಳಿ-ಗಾಢ-ತಿಳಿ ಒಂದು. ಪ್ರತಿಯೊಂದನ್ನೂ ಎರಡೂವರೆ ಇಂಚಿಗೆ ಅಡ್ಡ ಕತ್ತರಿಸಿದರೆ 44 ಇಂಚು ಅಗಲದ ಬಟ್ಟೆಯಲ್ಲಿ ಹದಿನಾರು ತುಂಡು ಸಿಗುತ್ತವೆ. ಇನ್ನು ಮೂರು ಮೂರು ತುಂಡು ಸೇರಿಸುವುದಷ್ಟೇ. ಬಟ್ಟೆ ಎಷ್ಟು ಬೇಕು? ಗಾಢ ಬಣ್ಣದ್ದು 35 ಸೆಂಟಿಮೀಟರ್, ತಿಳಿ ಬಣ್ಣದ್ದು 30.

ಆ ಐದು ಪಟ್ಟಿ ತೆಗೆಯಲು ಆರು ಸಲ ಕಟರ್ ಓಡಬೇಕು. ಮಾಮೂಲಿ ಸ್ಕೇಲಿನಲ್ಲಿ ಪ್ರತಿ ಸಲವೂ ಸ್ಕೇಲು ಎತ್ತಿ, ಸರಿಸಿ, ಎರಡೂವರೆಯ ಗೆರೆಯನ್ನು ಬಟ್ಟೆಯಂಚಿಗೆ ಕೂರಿಸಿ, ಒತ್ತಿ ಹಿಡಿಯಬೇಕು. ಒಂದೊಂದು ಸಲ ಕೂರಿಸುವಾಗಲೂ ಗೆರೆಯ ಒಳಗೋ ಹೊರಗೋ ಕೂದಲೆಳೆಯಷ್ಟು ವ್ಯತ್ಯಾಸ. ಸೀಳು ಸ್ಕೇಲಿನಲ್ಲಿ ಅರ್ಧರ್ಧ ಇಂಚಿಗೆ ಒಂದೊಂದು ಉದ್ದನೆಯ ಗಂಡಿ. ಒಮ್ಮೆ ಇಟ್ಟರೆ ಮುಗಿಯಿತು. ಸೊನ್ನೆಯ ಗಂಡಿಯಲ್ಲಿ ಒಂದು ಓಟ, ಎರಡೂವರೆಯದರಲ್ಲಿ ಒಂದು, ಐದರಲ್ಲಿ, ಏಳೂವರೆಯಲ್ಲಿ, ಹತ್ತರಲ್ಲಿ, ಹನ್ನೆರಡೂವರೆಯಲ್ಲಿ. ಸ್ಕೇಲು ಅಲುಗುವುದಿಲ್ಲ, ಆದ್ದರಿಂದ ಪಟ್ಟಿಗಳ ಅಳತೆ ಒಂದರಿಂದೊಂದು ಬೇರೆಯಾಗುವುದಿಲ್ಲ. ಇದರ ಮಹಿಮೆ ಇಷ್ಟೇ.

ಕೊಳ್ಳುವ ಮುನ್ನ

ಜೂನ್ ಟೈಲರ್ ಕಂಪನಿಯ ‘ಶೇಪ್ ಕಟ್’, ಐಸ್‌ಲ್ಯಾಂಡ್ ಮೂಲದ ವಿನ್ಯಾಸಕಿ ಗುಡ್ರುನ್ ಎರ್ಲಾ ಕ್ರಿಯೇಟಿವ್ ಗ್ರಿಡ್ಸ್ ಕಂಪನಿಗಾಗಿ ರೂಪಿಸಿದ ‘ಸ್ಟ್ರಿಪಾಲಜಿ’, ಇವು ಹೆಸರಾದ ಎರಡು ಬಗೆ. ಹೆಸರು ಯಾವುದಾದರೂ ಇರಲಿ, ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದು ಕೆಲವಿವೆ.

ಮೊದಲು ಗಂಡಿಯ ಉದ್ದ. ಗಂಡಿ ಸ್ಕೇಲಿನ ತುದಿಯವರೆಗೆ ಹೋದರೆ ಸ್ಕೇಲೇ ತುಂಡಾಗುತ್ತದೆ, ಹಾಗಾಗಿ ಅಂಚಿಗೆ ಮುನ್ನವೇ ನಿಲ್ಲುತ್ತದೆ. ನಿಮ್ಮ ಬಟ್ಟೆಯ ಮಡಿಕೆ ಅದಕ್ಕಿಂತ ಉದ್ದವಿದ್ದರೆ ತುದಿ ಕತ್ತರಿಸದೆ ಉಳಿದುಬಿಡುತ್ತದೆ. 44 ಇಂಚಿನ ಬಟ್ಟೆ ಒಂದು ಮಡಿಕೆಗೆ 22, ಎರಡು ಮಡಿಕೆಗೆ 11 ಇಂಚು. ನೀವು ಎಷ್ಟು ಮಡಿಕೆ ಹಾಕುವವರು ಎಂಬುದರ ಮೇಲೆ ಸ್ಕೇಲಿನ ಗಾತ್ರ ನಿಂತಿದೆ.

ಎರಡನೆಯದು, ಗುರುತುಗಳು ಎದ್ದು ಕಾಣಬೇಕು. ಸಾಲು ಸಾಲು ಗಂಡಿಗಳ ನಡುವೆ ಎರಡೂವರೆಯ ಬದಲು ಎರಡರಲ್ಲಿ ಕಟರ್ ಓಡಿಸುವುದು ಕ್ಷಣದ ಕೆಲಸ. ಒಂದೂವರೆಗೆ ಒಂದು ಚಿಹ್ನೆ, ಎರಡೂವರೆಗೆ ಇನ್ನೊಂದು ಎಂದು ಬೇರೆ ಬೇರೆ ಗುರುತು ಹಾಕಿರುವ ಸ್ಕೇಲುಗಳಿವೆ. ಇಲ್ಲದಿದ್ದರೆ ಬೇಕಾದ ಗಂಡಿಗಳ ಪಕ್ಕ ಬಣ್ಣದ ಟೇಪಿನ ಚೂರು ಅಂಟಿಸಿ.

ಮೂರನೆಯದು, ಹಿಂಬದಿ ಬಟ್ಟೆಯನ್ನು ಹಿಡಿಯಬೇಕು. ನುಣ್ಣಗಿರುವ ಅಕ್ರಿಲಿಕ್ ಬಟ್ಟೆಯ ಮೇಲೆ ಜಾರುತ್ತದೆ. ಸ್ಕೇಲು ಜಾರಿದರೆ ಗಂಡಿ ಇದ್ದೂ ಪ್ರಯೋಜನವಿಲ್ಲ.

ನಾಲ್ಕನೆಯದು, ನಿಮ್ಮ ಮ್ಯಾಟ್ ಸ್ಕೇಲಿಗಿಂತ ದೊಡ್ಡದಿದೆಯೇ? ಇಲ್ಲದಿದ್ದರೆ ಗೀರು ಊಟದ ಮೇಜಿನ ಮೇಲೆ ಬೀಳುತ್ತದೆ.

ಅಂದಹಾಗೆ, ಮೊದಲ ಸ್ಕೇಲಾಗಿ ಇದನ್ನು ಕೊಳ್ಳಬೇಡಿ. ಆರು ಇಂಚು ಅಗಲ, ಇಪ್ಪತ್ತನಾಲ್ಕು ಇಂಚು ಉದ್ದದ ಮಾಮೂಲಿ ಸ್ಕೇಲು ಎಲ್ಲ ಕೆಲಸಕ್ಕೂ ಆಗುತ್ತದೆ. ಎರಡೂಕಾಲು, ಒಂದೂಮುಕ್ಕಾಲು ಇಂಚಿನಂಥ ಅಳತೆಗೆ ಅರ್ಧ ಇಂಚಿನ ಗಂಡಿಗಳು ನೇರವಾಗಿ ಒದಗುವುದೂ ಇಲ್ಲ. ರಾಶಿ ರಾಶಿ ಪಟ್ಟಿ ಕತ್ತರಿಸುವವರಿಗೆ, ಮಣಿಕಟ್ಟು ನೋವಿರುವವರಿಗೆ, ಮತ್ತೆ ಮತ್ತೆ ಸ್ಕೇಲು ಒತ್ತಿ ಹಿಡಿಯಲಾಗದವರಿಗೆ ಇದು ವರ. ಎಡಗೈಯವರಿಗೂ ಬಲಗೈಯವರಿಗೂ ಒಂದೇ ಸ್ಕೇಲು ಸಾಕು.

ಕೈಗೆ ಬಂದ ಮೇಲೆ

ಸೀಳು ಸ್ಕೇಲಿನ ಯಶಸ್ಸು ಮಡಿಕೆಯಲ್ಲಿದೆ. ಬಟ್ಟೆಗೆ ಗಂಜಿ ಸಿಂಪಡಿಸಿ ಇಸ್ತ್ರಿ ಮಾಡಿ. ನೇಯ್ಗೆಯ ಎರಡೂ ಅಂಚು ಹಿಡಿದು ಎತ್ತಿ, ಕೆಳಗೆ ಜೋಲುವ ಮಡಿಕೆಯಲ್ಲಿ ಸುಕ್ಕು ಬಾರದವರೆಗೆ ಒಂದು ಅಂಚನ್ನು ಆಚೀಚೆ ಸರಿಸಿ. ಮಡಿಕೆ ನೇರವಾಗಿ ಜೋತಾಗ ಮಾತ್ರ ಮ್ಯಾಟಿನ ಮೇಲೆ ಮಲಗಿಸಿ. ಸ್ಕೇಲಿನ ಅಡ್ಡಗೆರೆಯೊಂದನ್ನು ಆ ಮಡಿಕೆಗೆ ಸರಿಯಾಗಿ ಕೂರಿಸಿ. ಈ ಅಡ್ಡಗೆರೆಯನ್ನು ಮರೆತರೆ ಪಟ್ಟಿ ಬಿಚ್ಚಿದಾಗ ನಡುವೆ ಮೊಣಕೈ ಬಗ್ಗಿದಂತೆ ಕೋನ ಕಾಣುತ್ತದೆ. ಎರಡು ಮಡಿಕೆಯಾದರೆ ಅಂಥ ಮೂರು ಬಾಗು. ಮಾಮೂಲಿ ಸ್ಕೇಲಿನಲ್ಲಿ ಒಂದೆರಡು ಪಟ್ಟಿ ಕೆಟ್ಟಾಗಲೇ ಎಚ್ಚರವಾಗುತ್ತದೆ. ಸೀಳು ಸ್ಕೇಲು ಒಂದೇ ಉಸಿರಿಗೆ ಅಷ್ಟೂ ಪಟ್ಟಿಗಳನ್ನು ಬಗ್ಗಿಸಿಬಿಡುತ್ತದೆ. ಸರಿಯನ್ನು ಎಷ್ಟು ಶ್ರದ್ಧೆಯಿಂದ ನಕಲು ಮಾಡುತ್ತದೋ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ.

ಇನ್ನು ಗಂಡಿಯ ಒಳಗಿನ ವಿಷಯ. ಬ್ಲೇಡಿನ ದಪ್ಪಕ್ಕಿಂತ ಗಂಡಿ ಅಗಲ. ಒಮ್ಮೆ ಎಡ ಗೋಡೆಗೆ, ಒಮ್ಮೆ ಬಲ ಗೋಡೆಗೆ ತಾಗಿಸಿ ಓಡಿಸಿದರೆ ಅಲ್ಲೇ ಪಟ್ಟಿಯ ಅಳತೆ ಕೆಡುತ್ತದೆ. ಯಾವುದಾದರೂ ಒಂದೇ ಗೋಡೆಯನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಒರಸಿಕೊಂಡು ಹೋಗಬೇಕು. ಕಟರ್ ನೆಟ್ಟಗೆ ನಿಂತಿರಬೇಕು. ಓರೆಯಾದರೆ ಗಂಡಿಯಿಂದ ಪ್ಲಾಸ್ಟಿಕ್ಕಿನ ಸಣ್ಣ ಹೊಟ್ಟು ಏಳುತ್ತದೆ, ಬ್ಲೇಡೂ ಮೊಂಡಾಗುತ್ತದೆ. ಓಟ ಯಾವಾಗಲೂ ಮೈಯಿಂದ ಆಚೆಗೆ. ಮುಗಿದ ತಕ್ಷಣ ಬ್ಲೇಡ್ ಮುಚ್ಚಿ, ಆಮೇಲೆ ಫೋನ್ ಎತ್ತಿ. ಸ್ಕೇಲನ್ನೂ ಮ್ಯಾಟನ್ನೂ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮ್ಯಾಟಿನ ಮೇಲೆ ಇಸ್ತ್ರಿ ಮಾಡಬೇಡಿ. ಒಮ್ಮೆ ಡೊಂಕಾದ ಮ್ಯಾಟ್ ಮತ್ತೆ ಸಪಾಟಾಗುವುದಿಲ್ಲ.

ಬೋರ್ಡಿನಂಗಡಿಯ ಸ್ಕೇಲು

ಹೊರದೇಶದ ಸ್ಕೇಲಿಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕೆಂದು ನಾನೊಮ್ಮೆ ಅಕ್ರಿಲಿಕ್ ನಾಮಫಲಕ ಮಾಡುವ ಅಂಗಡಿಗೆ ಹೋಗಿ, ಕಾಗದದಲ್ಲಿ ಚಿತ್ರ ಬರೆದುಕೊಟ್ಟು, ಅರ್ಧರ್ಧ ಇಂಚಿಗೆ ಗಂಡಿ ಕೊರೆಸಿದೆ. ನೋಡಲು ಬಲು ಚೆಂದ ಬಂತು. ಅದರಲ್ಲೇ ಪಟ್ಟಿ ಕತ್ತರಿಸಿ, ಸಾಲಿಗೆ ಎಂಟರಂತೆ ನೈನ್ ಪ್ಯಾಚ್ ಜೋಡಿಸಿ ಒಂದು ಕ್ವಿಲ್ಟ್ ಮಾಡಿದೆ. ಅಲ್ಲಿಯವರೆಗೆ ನನ್ನ ಕೈಯಲ್ಲಿ ಅಷ್ಟು ಚೊಕ್ಕಟವಾಗಿ ಮೂಲೆಗಳು ಕೂಡಿದ್ದೇ ಇಲ್ಲ.

ಅಕ್ಕನ ಮಗಳು ಅಮೆರಿಕದಿಂದ ಬಂದಾಗ ಒಂದು ಜೆಲ್ಲಿ ರೋಲ್ ತಂದುಕೊಟ್ಟಳು. ಅದರ ಪಟ್ಟಿಗಳ ಬ್ಲಾಕಿನ ಸಾಲೊಂದು, ನನ್ನ ಪಟ್ಟಿಗಳ ಸಾಲೊಂದು ಹೊಲಿದು ಕೂಡಿಸಹೋದರೆ ಒಂದು ಸಾಲು ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಒಂದು ಇಂಚು ಗಿಡ್ಡ. ಹೊಲಿಗೆ ಬಿಚ್ಚಿದೆ, ಮತ್ತೆ ಹಾಕಿದೆ, ಯಂತ್ರವನ್ನು ಬೈದೆ. ಕೊನೆಗೆ ಆ ಸ್ಕೇಲಿನ ಮೇಲೆ ಸ್ಟೀಲ್ ಸ್ಕೇಲಿಟ್ಟು ನೋಡಿದಾಗ ಗುಟ್ಟು ಹೊರಬಿತ್ತು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಅಂಗಡಿಯವರು ಕಂಪ್ಯೂಟರಿಗೆ ಹಾಕುವಾಗ ಅದನ್ನು ಹನ್ನೆರಡೂವರೆ ಮಾಡಿಕೊಂಡಿದ್ದರು. ಪಟ್ಟಿಗೆ ಒಂದು ಮಿಲಿಮೀಟರ್ ಕಡಿಮೆ. ಒಂದು ಸಾಲಿನಲ್ಲಿ ಇಪ್ಪತ್ತನಾಲ್ಕು ಚೌಕ, ಇಪ್ಪತ್ತನಾಲ್ಕು ಮಿಲಿಮೀಟರ್.

ನಾಮಫಲಕಕ್ಕೆ ಅದೊಂದು ಲೆಕ್ಕವೇ ಅಲ್ಲ, ಅವರನ್ನು ದೂರುವುದಕ್ಕೇನಿಲ್ಲ. ನನಗೆ ಹೊಳೆದದ್ದು ಬೇರೆ. ಮೊದಲ ಕ್ವಿಲ್ಟಿನ ಒಂದೊಂದು ಪಟ್ಟಿಯೂ ತಪ್ಪು ಅಳತೆಯದ್ದೇ. ಆದರೂ ಅದರಲ್ಲಿ ಒಂದು ಮೂಲೆಯೂ ತಪ್ಪಿರಲಿಲ್ಲ, ಏಕೆಂದರೆ ಎಲ್ಲವೂ ಒಂದೇ ಸಮನೆ ತಪ್ಪಿದ್ದವು. ಪಟ್ಟಿ ಇಂಚಿಗೆ ಸರಿಯಾಗಿರುವುದಕ್ಕಿಂತ ಪಕ್ಕದ ಪಟ್ಟಿಗೆ ಸರಿಯಾಗಿರುವುದು ಮುಖ್ಯ. ಅಳತೆ ಮುಟ್ಟಿಸುವ ಸ್ಕೇಲುಗಳು ಎಷ್ಟೋ ಇವೆ. ಸೀಳು ಸ್ಕೇಲು ಪಟ್ಟಿಗಳ ನಡುವೆ ಒಮ್ಮತ ತರುತ್ತದೆ. ಅದಕ್ಕೇ ಹೊಸದು ಕೊಂಡವರು ಮೊದಲು ಕಾಗದದಲ್ಲಿ ಒಂದು ಪಟ್ಟಿ ಕತ್ತರಿಸಿ, ಮನೆಯಲ್ಲಿರುವ ಬೇರೆ ಸ್ಕೇಲಿಗೆ ಹಿಡಿದು ನೋಡಬೇಕು. ಒಂದು ಕ್ವಿಲ್ಟಿಗೆ ಕೈಹಾಕಿದ ಮೇಲೆ ಮುಗಿಯುವವರೆಗೆ ಸ್ಕೇಲು ಬದಲಿಸಬಾರದು.

ಬೋರ್ಡಿನಂಗಡಿಯ ಸ್ಕೇಲನ್ನು ನಾನು ಎಸೆದಿಲ್ಲ. ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ, ಈಗಲೂ ಕೆಲಸಕ್ಕೆ ಬರುತ್ತದೆ. ಅದರ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ‘ಬೇರೆಯದರ ಜೊತೆ ಸೇರಿಸಬೇಡ.’